ನಕ್ಕ ಉಲ್ಲಿ ಅಲ್ಲ

ತೇರಹಳ್ಳಿ ಬೆಟ್ಟದ ಮೂರನೇ ತಿರುವಿನಲ್ಲಿ
ರೇಡಿಯೇಟರ್ ಕುದಿದು ಬಸ್ಸು ನಿಂತಿತು.
ಹದಿನೇಳು ಜನ ಇಳಿದು ಡ್ರೈವರನ್ನು ಬೈಯುತ್ತಿದ್ದರು.
ಟಿಕೆಟ್ ಮೆಷಿನ್ನು ಕತ್ತಿನಲ್ಲಿ ನೇತಾಡಿಸಿಕೊಂಡೇ
ನಾನು ಬಂಡೆಯ ಮೇಲೆ ಕೂತೆ.

ಬಂಡೆಗೂ ಬಂಡೆಗೂ ನಡುವೆ ಒಂದು ಹಿಡಿ ಮಣ್ಣು.
ಅದರಲ್ಲಿ ನಾಲ್ಕು ಎಲೆ, ನೆಲಕ್ಕೆ ಒರಗಿದ್ದವು,
ಯಾರೋ ನೇರಳೆಹಣ್ಣು ತಿಂದು
ಆ ಹಸಿರಿಗೆ ಬೆರಳೊರೆಸಿ ಹೋದ ಹಾಗೆ
ಮೈತುಂಬ ಚುಕ್ಕೆ.

ಐದು ರೂಪಾಯಿ ನಾಣ್ಯದಲ್ಲಿ ಕೆದಕಿದೆ.
ಸಾಂಬಾರ್ ಈರುಳ್ಳಿಯಷ್ಟು ಗೆಡ್ಡೆ.
ಚಿಲ್ಲರೆಯ ಬ್ಯಾಗಿಗೆ ಹಾಕಿಕೊಂಡೆ.
ಆ ಸಂಜೆ ಡಿಪೋದಲ್ಲಿ ಕ್ಯಾಷ್ ಕಟ್ಟುವಾಗ
ನೋಟುಗಳಿಗೆ ಮಣ್ಣು ಹತ್ತಿತ್ತು.

ಮಂಡಿಯ ಗಂಗುಲಪ್ಪ ಒಂದೇ ನೋಟಕ್ಕೆ ತೀರ್ಪು ಕೊಟ್ಟ:
‘ನಕ್ಕ ಉಲ್ಲಿಗಡ್ಡ. ಪಾರೇಯಮ್ಮಾ,
ತಿಂದ ಇಲಿ ಬದುಕಲ್ಲ.’
ನರಿಯ ಈರುಳ್ಳಿ, ಅಂತ ಅದರ ಅರ್ಥ.
ನಮ್ಮ ಕಡೆ ತೆಲುಗೂ ಕನ್ನಡವೂ
ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂರುತ್ತವೆ,
ನನಗೆ ನರಿ ಕಾಣಿಸಲಿಲ್ಲ,
ಯಾರೋ ನಕ್ಕದ್ದು ಕೇಳಿಸಿತು.

ಏಳು ನಲವತ್ತರ ಟ್ರಿಪ್ಪಿನ ತಸ್ನೀಮ್ ಮೇಡಂ
ಕಾಲೇಜಿನಲ್ಲಿ ಗಿಡಗಳ ಪಾಠ ಹೇಳುವವರು.
ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.
‘ನರಿ ಈರುಳ್ಳಿಗೆ ಹೂ ಮೊದಲು, ಎಲೆ ಆಮೇಲೆ.
ಬರಿ ಕಡ್ಡಿ ಎದ್ದು ನಿಂತು ಅರಳುತ್ತೆ.
ನಿಮ್ಮದಕ್ಕೆ ಚುಕ್ಕೆ ಎಲೆ ಆಗಲೇ ಇದೆ.
ಆದರೂ ಹೂ ಬರಲಿ. ಹೆಸರಿಗೆ ಅವಸರ ಬೇಡ.’
ಪಾಸ್ ತೋರಿಸಿ ಇಳಿದು ಹೋದರು.

ಡಾಲ್ಡಾ ಡಬ್ಬದ ತಳಕ್ಕೆ ಮೊಳೆಯಲ್ಲಿ ಆರು ತೂತು.
ರಸ್ತೆ ರಿಪೇರಿಯವರು ಬಿಟ್ಟುಹೋದ ಜಲ್ಲಿ,
ಮರಳು, ಒಂದಿಷ್ಟು ಕೆಂಪು ಮಣ್ಣು.
ಗೆಡ್ಡೆಯ ಕತ್ತು ಮಣ್ಣಿನ ಮೇಲೆ.
ಇಷ್ಟೆಲ್ಲ ಸರಿಯಾಗಿ ಮಾಡಿ
ದಿನಾ ಎರಡು ಲೋಟ ನೀರು ಹೊಯ್ದೆ, ಪೆದ್ದಿ.
ಹತ್ತನೇ ದಿನ ಮುಟ್ಟಿದರೆ ಮೆತ್ತಗೆ.
ಕಿತ್ತು, ಕೊಳೆತ ಎರಡು ಸಿಪ್ಪೆ ಸುಲಿದು
ಪ್ಯಾರಾಪೆಟ್ಟಿನ ಮೇಲೆ ಮೂರು ದಿನ ಆರಲು ಬಿಟ್ಟೆ.
ಬಂಡೆಯ ಮಗಳಿಗೆ ಬಾವಿಯ ಸಾಕಣೆ ಒಗ್ಗುವುದಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಎಲೆಯೆಲ್ಲ ಒಣಗಿ ಹೋಯಿತು.
ಖಾಲಿ ಡಬ್ಬ ಅಂದುಕೊಂಡು
ನಾದಿನಿ ಚಿಕ್ಕಪಿಳ್ಳಮ್ಮ ಕೊತ್ತಂಬರಿ ಚೆಲ್ಲಿದಳು.
‘ನೀರು ಹಾಕಬೇಡ, ಒಳಗೊಬ್ಬರು ಮಲಗಿದ್ದಾರೆ’ ಅಂದೆ.
ಎರಡು ದಿನ ನನ್ನೊಡನೆ ಮಾತು ಬಿಟ್ಟಳು.
ಮೂರನೇ ದಿನ ತಾನೇ ಬೀಜ ಆರಿಸಿ ತೆಗೆದು
ಪಕ್ಕದಲ್ಲಿ ಬೇರೆ ಕುಂಡ ಇಟ್ಟಳು.

ಮೇ ತಿಂಗಳ ಕೊನೆ. ಆಲಿಕಲ್ಲು ಮಳೆ.
ಬೆಳಗಿನ ಪಾಳಿಗೆ ಹೊರಟವಳು ಚಪ್ಪಲಿ ಹಾಕುತ್ತ ನೋಡಿದೆ:
ಜಲ್ಲಿಯ ಸಂದಿಯಿಂದ ಸುರುಳಿ ಬಿಚ್ಚುತ್ತಿರುವ ಚುಕ್ಕೆ,
ಮತ್ತೆ ಅದೇ ನೇರಳೆ.
ಹದಿನೈದು ದಿನಕ್ಕೆ ಗೇಣುದ್ದದ ಕಡ್ಡಿ,
ಕಡ್ಡಿಗೆ ಕೊತ್ತಂಬರಿ ಬೀಜದಷ್ಟು ಹೂಗಳು,
ಬೂದು ಹಸಿರಿನ ಗಂಟೆ, ಒಳಗೆ ನೇರಳೆ ಎಳೆ.
ನಿಂತು ನೋಡಿದರೆ ಏನೂ ಇಲ್ಲ.
ಮೊಣಕಾಲೂರಬೇಕು.
ಯೂನಿಫಾರ್ಮಿನಲ್ಲೇ ಊರಿದೆ.

ಫೋನಿನಲ್ಲಿ ಚಿತ್ರ ನೋಡಿ ಮೇಡಂ
ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟರು: ಲೆಡೆಬೂರಿಯಾ.
‘ಶತಾವರಿಯ ಬಳಗ. ಆದರೂ ಬಾಯಿಗೆ ಹಾಕಬೇಡಿ.’
ಚಿಕ್ಕಪಿಳ್ಳಮ್ಮನ ನಾಲಿಗೆಗೆ ಆ ಹೆಸರು ಹತ್ತಲಿಲ್ಲ.
‘ಮಲಗಿದ್ದೋಳು’ ಅಂತಲೇ ಕರೆಯುತ್ತಾಳೆ.

ಇನ್ನೊಂದು ಸಂಗತಿ ಮೇಡಂ ಹೇಳಿರಲಿಲ್ಲ.
ಒಂದೆಲೆ ಡಬ್ಬದಂಚು ದಾಟಿ ಬಾಗಿ
ಕೊತ್ತಂಬರಿ ಕುಂಡದ ಮಣ್ಣಿಗೆ ತುದಿ ತಾಗಿಸಿತ್ತು.
ತಾಗಿದ ಕಡೆ ಬೇರು,
ಬೇರಿನ ಮೇಲೆ ಕಡಲೆಕಾಳಿನಷ್ಟು ಗೆಡ್ಡೆ.
ಬೀಜವಿಲ್ಲ, ಯಾರ ಕೈಯೂ ಇಲ್ಲ.
ಎಲೆಯ ತುದಿ ನೆಲ ಮುಟ್ಟಿದ್ದಷ್ಟೇ.

ಆ ಕಡಲೆಯನ್ನು ಈಗ
ಚಿಲ್ಲರೆಯ ಜೊತೆ ಕಾಗದದಲ್ಲಿ ಸುತ್ತಿಟ್ಟಿದ್ದೇನೆ.
ಮೂರನೇ ತಿರುವಿನಲ್ಲಿ ನಾಣ್ಯದಲ್ಲಿ ತೋಡಿದ ಗುಳಿ
ದಿನಕ್ಕೆ ನಾಲ್ಕು ಸಲ ಕಿಟಕಿಯಲ್ಲಿ ಹಾದುಹೋಗುತ್ತೆ.
ಅಲ್ಲಿ ಸ್ಟಾಪ್ ಇಲ್ಲ.
ಹೋದ ವಾರ ನಮಗೆ ಹೊಸ ಬಸ್ಸು ಕೊಟ್ಟರು,
ಎಂಥ ಏರಿನಲ್ಲೂ
ಹಾಳಾದ್ದು ಕುದಿಯುವುದೇ ಇಲ್ಲ.